ಮಂದಗಾಮಿನಿ ಕಾವೇರಿಯ ಮೀನು ಮತ್ತು ಗಾಳದ ವಿನೋದ

ಹೊಟ್ಟೆಪಾಡಿಗಾಗಿ ಹೊಳೆಯ ಮೀನನ್ನು ಹಿಡಿಯುವ ಬೆಸ್ತನ ವಿಷಯದಲ್ಲಿ ಲೋಕಕ್ಕೆ ವಿಶೇಷವಾದ ತಕರಾರೇನೂ ಇಲ್ಲ. ಆದರೆ ಉಣ್ಣುವ ಅಗತ್ಯವಾಗಲಿ ಮಾರುವ ಅಗತ್ಯವಾಗಲಿ ಇಲ್ಲದೆ, ಕೇವಲ ವಿನೋದಾರ್ಥವಾಗಿ ದಡದಲ್ಲಿ ಕುಳಿತು ಗಾಳ ಹಾಕಿ, ಗಂಟೆಗಟ್ಟಲೆ ಕಾದು, ಕಚ್ಚಿದ ಮೀನಿನೊಡನೆ ಸೆಣಸಿ ಅದನ್ನು ದಡಕ್ಕೆಳೆದು, ತೂಗಿ, ಮತ್ತೆ ನೀರಿಗೇ ಬಿಟ್ಟು ಬರುವವನು ನದಿಗೆ ಮಿತ್ರನೋ ಶತ್ರುವೋ ಎಂಬುದು ಕಳೆದ ಕೆಲವು ದಶಕಗಳಿಂದ ನಮ್ಮಲ್ಲಿ ವಿವಾದಾಸ್ಪದವಾಗಿ ಉಳಿದಿರುವ ಪ್ರಶ್ನೆ. ಇದನ್ನು ಸಾವಧಾನವಾಗಿ ಪರಿಶೀಲಿಸುವುದಕ್ಕೆ ಮೈಸೂರಿನ ಸುತ್ತಣ ಸೀಮೆಗಿಂತ ಪ್ರಶಸ್ತವಾದ ಸ್ಥಳ ಭಾರತದಲ್ಲಿ ಬೇರೊಂದು ದೊರೆಯುವುದು ಕಷ್ಟವೆಂದೇ ಹೇಳಬೇಕು. ಕಾವೇರಿ ಮತ್ತು ಕಪಿಲೆಗಳ ನಡುವಣ ದಿಣ್ಣೆಯ ಮೇಲೆ ಕುಳಿತಿರುವ ಈ ಊರು ಎರಡೂ ನದಿಗಳ ನೀರನ್ನು ಕುಡಿಯುತ್ತದೆ. ಜಗತ್ತಿನ ಗಾಳಪ್ರಿಯರೆಲ್ಲ ಹೆಸರು ಕೇಳಿ ಬಲ್ಲ ಮಹಾಮತ್ಸ್ಯವೊಂದು ಈ ನದಿಗಳ ಸಂತಾನ. ಮತ್ತು ಗಾಳದ ವಿನೋದವು ಒಂದು ನದಿಗೆ ಮಾಡಬಹುದಾದ ಉಪಕಾರವೂ ಅಪಕಾರವೂ ಇಲ್ಲಿ ಒಂದೇ ಕಾಲದಲ್ಲಿ, ಬಹುಮಟ್ಟಿಗೆ ಒಂದೇ ಕೈಗಳಿಂದ ನಡೆದುಹೋಗಿವೆ.

ಮೊದಲು ನದಿಯ ಸ್ವಭಾವವನ್ನು ನೋಡೋಣ. ಕೊಡಗಿನ ಬೆಟ್ಟಗಳಿಂದ ಇಳಿದು, ರಾಮನಾಥಪುರವನ್ನು ಬಳಸಿ, ಚುಂಚನಕಟ್ಟೆಯಲ್ಲಿ ಒಮ್ಮೆ ಧುಮುಕಿ, ಮೈಸೂರು ಪ್ರಸ್ಥಭೂಮಿಯ ಮೇಲೆ ಹರಡಿಕೊಳ್ಳುವ ಕಾವೇರಿಯು ಶಿವನಸಮುದ್ರದ ಪ್ರಪಾತವನ್ನು ಮುಟ್ಟುವವರೆಗೆ ಆತುರವೆಂಬುದನ್ನೇ ಅರಿಯದ ಹೊಳೆ. ಅದರ ತಳ ಬಹುಪಾಲು ಬಂಡೆಯದು; ಎಡೆಯೆಡೆಗೆ ಕವಲೊಡೆದು ತಿಟ್ಟುಗಳನ್ನೂ ದ್ವೀಪಗಳನ್ನೂ ತಬ್ಬಿ ಮತ್ತೆ ಕೂಡಿಕೊಳ್ಳುವುದು ಅದರ ರೂಢಿ. ಈ ನಿಸರ್ಗಸಹಜವಾದ ಮಂದಗತಿಯನ್ನು ಇನ್ನಷ್ಟು ಮಂದಗೊಳಿಸಿದವರು ನಮ್ಮ ಪೂರ್ವಿಕರು. ತಲಕಾಡಿನ ಬಳಿ ಮಾಧವಮಂತ್ರಿಯ ಹೆಸರನ್ನು ಹೊತ್ತು ನಿಂತಿರುವ ಕಟ್ಟೆಯಿಂದ ಮೊದಲ್ಗೊಂಡು, ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಒಡೆಯರ ನಾಲೆ, ವಿರಿಜಾ ನಾಲೆ ಮೊದಲಾದವುಗಳಿಗೆ ನೀರು ತಿರುಗಿಸುವ ಸಲುವಾಗಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳ ಒಂದು ಸಾಲೇ ಇಲ್ಲಿದೆ. ಇವೆಲ್ಲ ತಗ್ಗಾದ ಕಲ್ಲಿನ ಅಣೆಗಳು. ಬೇಸಗೆಯಲ್ಲಿ ಹಿಂದಣ ನೀರನ್ನು ಎದೆಯೆತ್ತರಕ್ಕೋ ಆಳೆತ್ತರಕ್ಕೋ ನಿಲ್ಲಿಸಿ, ಆಷಾಢದ ಪ್ರವಾಹ ಬಂದೊಡನೆ ತಲೆಯ ಮೇಲಿಂದ ಸರಾಗವಾಗಿ ಹಾಯಗೊಡುವ ಕಟ್ಟೆಗಳು. ಶ್ರೀರಂಗಪಟ್ಟಣದ ಪಕ್ಕದಲ್ಲಿ ಹದಿನೇಳನೆಯ ಶತಮಾನದ ನಡುವೆ ಕಟ್ಟಿದ ಅಂಥ ಒಂದು ಕಟ್ಟೆಯ ಹಿಂದೆ ನಿಂತ ನೀರಿನಲ್ಲಿ ತಲೆಯೆತ್ತಿದ ನಡುಗಡ್ಡೆಗಳೇ ಇಂದಿನ ರಂಗನತಿಟ್ಟು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಆ ತಾಣದ ಹೆಜ್ಜಾರ್ಲೆಗಳನ್ನೂ ಕೊಕ್ಕರೆಗಳನ್ನೂ ನೋಡಲು ಬರುವ ಜನ ಹಕ್ಕಿಯನ್ನು ನೋಡಿ ಹಿಂದಿರುಗುತ್ತಾರೆ. ಹಕ್ಕಿ ಅಲ್ಲಿರುವುದು ಮೀನಿನ ದೆಸೆಯಿಂದ, ಮೀನು ಅಲ್ಲಿರುವುದು ನಿಂತೂ ನಿಲ್ಲದ ಆ ನೀರಿನ ದೆಸೆಯಿಂದ ಎಂಬುದು ದೋಣಿಯಲ್ಲಿ ಕುಳಿತವರ ಗಮನಕ್ಕೆ ಬರುವುದು ಅಪರೂಪ.

ಹೀಗೆ ಮಂದವಾಗಿ ಹರಿಯುವ ಹೊಳೆಯಲ್ಲಿ ಮೀನಿನ ಬಾಳೆಲ್ಲ ಮಡುವನ್ನು ಆಶ್ರಯಿಸಿದೆ. ಚೈತ್ರ ವೈಶಾಖಗಳಲ್ಲಿ ಹೊಳೆ ಬತ್ತಿ, ಬಂಡೆಗಳ ನಡುವೆ ಸಣ್ಣ ತೊರೆಗಳಾಗಿ ಒಡೆದುಹೋದಾಗ ಆಳವಾದ ಮಡುಗಳಲ್ಲಿ ಮಾತ್ರ ನೀರು ತಂಪಾಗಿ ಉಳಿಯುತ್ತದೆ. ಮೇಲಿನಿಂದ ಬರುವ ತೊರೆಯ ನೀರು ಕಲ್ಲಿಗೆ ಬಡಿದು ನೊರೆಯಾಗುವಲ್ಲಿ ಪ್ರಾಣವಾಯುವು ನೀರಿನಲ್ಲಿ ಬೆರೆತು ಮಡುವಿಗೆ ಇಳಿಯುತ್ತದೆ. ಆದುದರಿಂದ ದೊಡ್ಡ ಮೀನುಗಳು ಮಡುವಿನ ತಲೆಯ ಭಾಗದಲ್ಲಿ, ತೊರೆ ಬಂದು ಕೂಡುವ ಬಾಯಿಯಲ್ಲಿ ಕಾದಿರುತ್ತವೆ. ಗಾಳದವನು ಮೊದಲು ಕಲಿಯುವ ಪಾಠವೂ ಇದೇ. ನೀರು ಇನ್ನೂ ಮಂದವಾದೆಡೆ ಕೆಸರು ತಂಗಿ, ಜೊಂಡು ಬೆಳೆದು, ಹುಳುಹುಪ್ಪಟೆಗಳು ಹುಟ್ಟಿ, ಕೊರವ, ಚೇಳುಮೀನು, ಹಾವುಮೀನುಗಳಿಗೆ ಮನೆಯಾಗುತ್ತದೆ. ಅವುಗಳನ್ನೆಲ್ಲ ನುಂಗುವ ಬಾಳೆಮೀನು ಸಂಜೆಯಾದ ಮೇಲೆ ಆಳದಿಂದ ಹೊರಡುತ್ತದೆ. ರಾಜ್ಯದ ಮೀನೆಂದು ಆಯ್ಕೆಗೊಂಡಿರುವ ಪಕ್ಕೆಯು ಕಾವೇರಿಯ ವಿಶಿಷ್ಟ ಸಂತಾನ. ದಡದ ಮರಗಳಿಂದ ಉದುರಿದ ಹಣ್ಣನ್ನು ತಿನ್ನಲು ನೆರಳಿಗೆ ಬರುವುದು ಅದರ ಪದ್ಧತಿ. ದಡದ ಹೊಂಗೆ, ನೀರುಮತ್ತಿ, ಅತ್ತಿಗಳನ್ನು ಕಡಿದರೆ ಮೀನಿನ ಊಟದ ಎಲೆಯನ್ನೇ ಎತ್ತಿದಂತೆ ಎಂಬುದನ್ನು ದಡವನ್ನು ಅಲಂಕರಿಸಲು ಹೊರಟವರು ಅರಿಯುವುದಿಲ್ಲ.

ಇವೆಲ್ಲಕ್ಕೂ ಮೇಲೆ, ಗಾತ್ರದಿಂದಲೂ ಕೀರ್ತಿಯಿಂದಲೂ ನದಿಯ ಒಡೆಯನಂತಿರುವುದು ಮಹಶೀರ್. ನಮ್ಮ ಹೊಳೆಯ ಜನರ ಮಾತಿನಲ್ಲಿ ಬಿಳಿಮೀನು. ಬೇಸಗೆಯನ್ನು ಮಡುವಿನಲ್ಲಿ ಕಳೆಯುವ ಈ ಮೀನಿಗೆ ಸಂತಾನಕಾಲದಲ್ಲಿ ಮಾತ್ರ ಮಡು ಸಾಲದು. ಮುಂಗಾರಿನ ಹೊಸ ನೀರು ಬಂದೊಡನೆ ಅದು ಪ್ರವಾಹಕ್ಕೆ ಎದುರಾಗಿ ಮೇಲುಹೊಳೆಗೆ, ಉಪನದಿಗಳ ತಿಳಿನೀರಿಗೆ ಏರಿ, ನುಣ್ಣನೆಯ ಗರಸುಗಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಮೇಲೆ ಹೂಳು ಕುಳಿತರೆ ಉಸಿರು ಕಟ್ಟಿ ಅದು ಸಾಯುತ್ತದೆ. ಗರಸುಗಲ್ಲೂ ಮರಳೂ ಲಾರಿಗೇರಿ ಹೋದರೆ ಇಡುವುದಕ್ಕೆ ಜಾಗವೇ ಇಲ್ಲ. ಹೀಗೆ ಒಂದೇ ಮೀನಿಗೆ ನಿಂತ ನೀರೂ ಬೇಕು, ಓಡುವ ನೀರೂ ಬೇಕು, ಮತ್ತು ಒಂದರಿಂದ ಮತ್ತೊಂದಕ್ಕೆ ಹೋಗುವ ದಾರಿಯೂ ಬೇಕು. ಹಳೆಯ ಕಟ್ಟೆಗಳು ಪ್ರವಾಹಕಾಲದಲ್ಲಿ ಆ ದಾರಿಯನ್ನು ಬಿಟ್ಟುಕೊಟ್ಟಿದ್ದವು ಎಂಬುದನ್ನು ಮುಂದಿನ ಕಥೆಗಾಗಿ ನೆನಪಿಡಬೇಕು.

ಗಾಳದ ವಿನೋದವನ್ನು ಇಂಗ್ಲಿಷರು ನಮಗೆ ತಂದುಕೊಟ್ಟರೆಂದು ಭಾವಿಸುವವರು ಅನೇಕರಿದ್ದಾರೆ, ಅದು ನಿಜವಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಮೀನುಗಳನ್ನು ಪೊರೆಯುಳ್ಳವು ಪೊರೆಯಿಲ್ಲದವು ಎಂದೂ, ಕಡಲಿನವು ಹೊಳೆಯವು ಎಂದೂ ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರ ಪ್ರಿಯವೆಂಬುದನ್ನೂ, ಆಯ್ದ ಸ್ಥಳದಲ್ಲಿ ಆಹಾರ ಚೆಲ್ಲಿ ಮೀನನ್ನು ರೂಢಿಗೆ ತರುವ ಕ್ರಮವನ್ನೂ, ದಾರ ಕೊಕ್ಕೆ ಕೋಲುಗಳ ಲಕ್ಷಣವನ್ನೂ ಆ ಅರಸು ಶಾಸ್ತ್ರದ ಶ್ರದ್ಧೆಯಿಂದ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಗಾಳವನ್ನು ಕುರಿತ ಮೊದಲ ಮುದ್ರಿತ ಗ್ರಂಥ ಹೊರಬಂದುದು 1496ರಲ್ಲಿ. ವಾಲ್ಟನ್ನನ ಪ್ರಸಿದ್ಧ ಪುಸ್ತಕ 1653ರದು. ಸೋಮೇಶ್ವರನ ಕೃತಿಗೆ ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರೂ ಉಂಟು. ಅದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು 1926ರಲ್ಲಿ ನಮ್ಮ ಮೈಸೂರಿನಿಂದಲೇ ಸಂಪಾದಿಸಿ ಪ್ರಕಟಿಸಿದರು. ಮತ್ಸ್ಯವಿನೋದದ ಭಾಗವನ್ನು ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಓದಿ ಅದರ ಮಹತ್ವವನ್ನು ವಿದ್ವಾಂಸರಿಗೆ ತಿಳಿಸಿದವರು ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ, 1951ರಲ್ಲಿ. ಇಷ್ಟಾದರೂ ನಮ್ಮ ಗಾಳಪ್ರಿಯರು ಇಂದಿಗೂ ವಾಲ್ಟನ್ನನನ್ನು ಬಲ್ಲರು, ಸೋಮೇಶ್ವರನನ್ನು ಅರಿಯರು.

ವಿದೇಶೀಯರು ತಂದದ್ದು ಬೇರೊಂದು ಬಗೆಯ ಉತ್ಸಾಹ: ಮೀನಿನ ತೂಕವನ್ನು ದಾಖಲೆ ಮಾಡುವ ಉತ್ಸಾಹ. ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ ಹೆನ್ರಿ ಸಲ್ಲಿವನ್ ಥಾಮಸನು ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದಂದಿನಿಂದ ಮಹಶೀರ್ ಸಾಮ್ರಾಜ್ಯದ ಅಧಿಕಾರಿಗಳಿಗೆಲ್ಲ ಹಂಬಲದ ಮೀನಾಯಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ಶಾಸನ ಮಾಡಿತು. ಕಾವೇರಿಯಲ್ಲಿ 1919ರಲ್ಲಿ 119 ಪೌಂಡ್ ತೂಕದ ಮಹಶೀರ್ ಒಬ್ಬ ಸೇನಾಧಿಕಾರಿಯ ಗಾಳಕ್ಕೆ ಬಿತ್ತು. ಆ ದಾಖಲೆಯನ್ನು ಒಂದೇ ಪೌಂಡಿನಿಂದ ಮೀರಿಸಿದವರು ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್. 1946ರಲ್ಲಿ, ಕಪಿಲೆಯಲ್ಲಿ, 120 ಪೌಂಡ್, ಅಂದರೆ ಐವತ್ನಾಲ್ಕು ಕಿಲೋಗ್ರಾಮಿಗೂ ಮಿಗಿಲು. ಮಹಾರಾಜರುಗಳ ಹುಲಿಗಳನ್ನೂ ಚಿರತೆಗಳನ್ನೂ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ದೇಶವಿದೇಶಗಳಲ್ಲಿ ಹೆಸರಾದ ಆ ಮನೆತನದವನ ಕೈಯಿಂದಲೇ ಈ ದಾಖಲೆ ಆದುದು ವಿಚಿತ್ರವಾದರೂ ಸಹಜವೇ: ಆ ಕಾಲದಲ್ಲಿ ದೊಡ್ಡ ಮೀನೂ ಗೋಡೆಗೆ ಏರಬೇಕಾದ ಬೇಟೆಯೇ ಆಗಿತ್ತು. ಅದನ್ನು ಮರಳಿ ನೀರಿಗೆ ಬಿಡುವ ಯೋಚನೆ ಇನ್ನೂ ಹುಟ್ಟಿರಲಿಲ್ಲ.

ಇದೇ ಅವಧಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪರಂಪರೆಗೆ ಸೇರಿದ ವಿದ್ವತ್ತೂ ಈ ಮೀನುಗಳತ್ತ ತಿರುಗಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು ಸಂಸ್ಥಾನದ ಹೊಳೆಗಳಲ್ಲಿ ದೊರೆತ ಗೆಂಡೆಯ ಜಾತಿಯ ಹೊಸ ಮೀನುಗಳನ್ನು 1920ರಲ್ಲಿ ವರ್ಣಿಸಿದರು. ಆದರೆ ದೊಡ್ಡ ಮೀನಿನ ಕೀರ್ತಿಯ ಮುಂದೆ ಸಣ್ಣ ಮೀನಿನ ಶಾಸ್ತ್ರವನ್ನು ಕೇಳುವವರು ವಿರಳ.

ಅಷ್ಟರಲ್ಲಿ ನದಿಯೇ ಬದಲಾಗತೊಡಗಿತ್ತು. 1911ರಲ್ಲಿ ಕನ್ನಂಬಾಡಿಯಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟಡ ಎರಡು ದಶಕಗಳಲ್ಲಿ ಪೂರ್ಣಗೊಂಡು, 1934ರಲ್ಲಿ ಕೆಳಗೆ ಮೆಟ್ಟೂರಿನ ಅಣೆಕಟ್ಟು ಎದ್ದು, 1974ರಲ್ಲಿ ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಕಪಿಲೆಗೂ ಅಡ್ಡಗೋಡೆ ಬಂತು. ವ್ಯಾನ್ ಇಂಗೆನ್ನರ ಮೀನು ಹುಟ್ಟಿ ಬೆಳೆದ ನದಿ ಅವರ ದಾಖಲೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಎರಡು ತುಂಡಾಯಿತು. ಈ ಕಟ್ಟಡಗಳು ಮಂಡ್ಯ ಮೈಸೂರು ಜಿಲ್ಲೆಗಳ ಅನ್ನದ ಮೂಲ. ಅವುಗಳನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ, ಉಂಡ ಮನೆಗೆ ಎರಡು ಬಗೆಯುವ ಬುದ್ಧಿಯೂ ಲೇಖಕನಿಗಿಲ್ಲ. ಆದರೆ ಮೀನಿನ ದೃಷ್ಟಿಯಿಂದ ಹಳೆಯ ಕಟ್ಟೆಗೂ ಹೊಸ ಅಣೆಕಟ್ಟಿಗೂ ಇರುವ ಅಂತರವನ್ನು ಮರೆಮಾಚುವುದು ಸಾಧ್ಯವಿಲ್ಲ. ಕಟ್ಟೆಯನ್ನು ಪ್ರವಾಹ ದಾಟುತ್ತದೆ, ಪ್ರವಾಹದೊಡನೆ ಮೀನೂ ದಾಟುತ್ತದೆ. ನೂರಿಪ್ಪತ್ತು ಅಡಿ ಎತ್ತರದ ಗೋಡೆಯನ್ನು ಯಾವ ಮೀನೂ ದಾಟಲಾರದು. ಕೆಳಗಣ ಹೊಳೆಯಲ್ಲಿ ನೀರಿನ ಏರಿಳಿತ ಮಳೆಯ ಲೆಕ್ಕವನ್ನು ಬಿಟ್ಟು ನಾಲೆಯ ಲೆಕ್ಕಕ್ಕೂ ವಿದ್ಯುತ್ತಿನ ಲೆಕ್ಕಕ್ಕೂ ನ್ಯಾಯಾಲಯದ ಲೆಕ್ಕಕ್ಕೂ ಒಳಪಡುತ್ತದೆ. ಇಂದು ತುಂಬಿದ ಮಡು ನಾಳೆ ಇಳಿದರೆ ಅಂಚಿನಲ್ಲಿ ಇಟ್ಟ ಮೊಟ್ಟೆ ಒಣಗುತ್ತದೆ.

ಸ್ವಾತಂತ್ರ್ಯಾನಂತರ ಮಹಶೀರಿನ ಸುದ್ದಿ ಬಹುಮಟ್ಟಿಗೆ ಅಡಗಿಹೋಯಿತು. ಕಾವೇರಿಯಲ್ಲಿ ಅದು ಅಳಿದೇ ಹೋಯಿತೆಂದು ಹೊರದೇಶದ ಗಾಳಗಾರರು ನಂಬಿದ್ದ ಕಾಲವೂ ಇತ್ತು. 1978ರ ಸುಮಾರಿಗೆ ಇಂಗ್ಲೆಂಡಿನಿಂದ ಬಂದ ಮೂವರು ಯುವಕರು ಕಾವೇರಿಯಲ್ಲಿ ತೊಂಬತ್ತು ಪೌಂಡಿಗೂ ಮಿಗಿಲಾದ ಮೀನನ್ನು ಹಿಡಿದು ಆ ನಂಬಿಕೆಯನ್ನು ಸುಳ್ಳುಮಾಡಿದರು. ಆ ಬಳಿಕ ಶಿವನಸಮುದ್ರದ ಕೆಳಗೆ, ಕಾಡಿನ ನಡುವಣ ಹೊಳೆಯಲ್ಲಿ, ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರಗಳು ನೆಲೆಗೊಂಡವು. ದಕ್ಷಿಣ ಭಾರತದ ವನ್ಯಜೀವಿ ಸಂಘವೂ ಕೊಡಗು ವನ್ಯಜೀವಿ ಸಂಘವೂ ಹೊಳೆಯ ಕೆಲವು ಭಾಗಗಳನ್ನು ವಹಿಸಿಕೊಂಡು ಕಾವಲಿಟ್ಟವು. ಇಲ್ಲಿಯ ನಿಯಮ ಹೊಸದು: ಹಿಡಿದ ಮೀನನ್ನು ತೂಗಿ ಬಿಟ್ಟುಬಿಡಬೇಕು. ಬೇಯಿಸಿದ ರಾಗಿ ಹಿಟ್ಟಿನ ಉಂಡೆಯೇ ಎರೆ; ಮೀನು ಎಲ್ಲಿದೆಯೆಂಬುದನ್ನು ಹೇಳುವವರು ಹೊಳೆಯ ಮಕ್ಕಳೇ ಆದ ಹಳ್ಳಿಗರು, ಅವರಲ್ಲಿ ಕೆಲವರು ಹಿಂದೆ ಸಿಡಿಮದ್ದು ಎಸೆದು ಮೀನನ್ನು ಕೊಂದಿದ್ದವರು. ಸಿಡಿಮದ್ದನ್ನೂ ವಿಷವನ್ನೂ 1897ರ ಮೀನುಗಾರಿಕಾ ಶಾಸನವೇ ನಿಷೇಧಿಸಿತ್ತು; ಆದರೆ ಶಾಸನಕ್ಕೆ ಆಗದ ಕೆಲಸವನ್ನು ಸಂಬಳ ಮಾಡಿತು. ಒಂದು ಮಡುವಿನಲ್ಲಿ ಒಮ್ಮೆ ಸಿಡಿಸಿದ ಮದ್ದು ದೊಡ್ಡದು ಚಿಕ್ಕದೆನ್ನದೆ ಸಮಸ್ತವನ್ನೂ ನಾಶಮಾಡುವುದರಿಂದ, ಗಾಳಗಾರನಿದ್ದ ಮಡುಗಳಲ್ಲಿ ಮದ್ದಿನ ಸದ್ದು ಅಡಗಿದ್ದೊಂದೇ ದೊಡ್ಡ ಉಪಕಾರ. ಗಾಳದ ಪರವಾಗಿ ಹೇಳತಕ್ಕ ಮಾತುಗಳಲ್ಲಿ ಇದು ಮೊದಲನೆಯದು, ನನಗೆ ತೋರುವಂತೆ ಅತ್ಯಂತ ಬಲವಾದದ್ದೂ ಹೌದು.

ಎರಡನೆಯ ಉಪಕಾರ ಯಾರೂ ಉದ್ದೇಶಿಸದೆ ಆದುದು. ಗಾಳಿಬೋರೆಯ ಬಿಡಾರದಲ್ಲಿ ಹಿಡಿದ ಮೀನುಗಳ ಲೆಕ್ಕ, ಕಳೆದ ಗಂಟೆಗಳು, ತೂಕ, ಬಣ್ಣಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಈ ದಿನಚರಿಗಳಲ್ಲಿ ಆರು ಸಾವಿರಕ್ಕೂ ಮೀರಿದ ಮೀನುಗಳ ವಿವರ ಉಳಿದಿತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಅವನ್ನು ಕೂಡಿಸಿ ನೋಡಿದಾಗ, ಯಾವ ಇಲಾಖೆಯ ಕಡತದಲ್ಲಿಯೂ ಇಲ್ಲದ ಒಂದು ಚರಿತ್ರೆ ಗೋಚರವಾಯಿತು: ಮೀನಿನ ಸಂಖ್ಯೆ ಏರುತ್ತ ಬಂದಿದೆ, ಸರಾಸರಿ ಗಾತ್ರ ಇಳಿಯುತ್ತ ಬಂದಿದೆ, ಮತ್ತು ಏರಿದ್ದು ಒಂದು ಜಾತಿಯ ಮಹಶೀರ್, ಇಳಿದದ್ದು ಇನ್ನೊಂದು.

ಇಲ್ಲಿಂದ ಅಪಕಾರದ ಕಥೆ ಆರಂಭವಾಗುತ್ತದೆ. ಕಾವೇರಿಯ ಸ್ವಂತ ಸಂತಾನವಾದ ಮಹಶೀರ್ ಗೂನುಬೆನ್ನಿನದು, ಕಿತ್ತಳೆ ಬಣ್ಣದ ಈಜುರೆಕ್ಕೆಗಳದು. ನೂರು ಪೌಂಡಿನ ದಾಖಲೆಗಳೆಲ್ಲ ಅದರವೇ. ನೀಲಿ ರೆಕ್ಕೆಯ ಇನ್ನೊಂದು ಮಹಶೀರನ್ನು ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ವರ್ಣಿಸಿದ್ದು ಪುಣೆಯ ಕಡೆಯ ಹೊಳೆಯಿಂದ, ಅಂದರೆ ಕೃಷ್ಣೆಯ ಜಲಾನಯನದಿಂದ. ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಮರಿಕೇಂದ್ರದಲ್ಲಿ ಈ ನೀಲಿ ರೆಕ್ಕೆಯ ಮೀನಿನ ಮೊಟ್ಟೆಯೊಡೆಸುವ ವಿದ್ಯೆ 1970ರ ದಶಕದಲ್ಲಿ ಕೈಗೂಡಿದ ಮೇಲೆ, ಮಹಶೀರ್ ಎಂದರೆ ಮಹಶೀರ್ ಎಂಬ ಸರಳ ಭಾವನೆಯಿಂದ ಅದರ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಬಿಟ್ಟವರಲ್ಲಿ ನದಿಯನ್ನು ಪ್ರೀತಿಸುವ ಗಾಳಗಾರರೇ ಮುಂದಿದ್ದರು, ಉದ್ದೇಶದಲ್ಲಿ ದೋಷವಿರಲಿಲ್ಲ. ಬೇಗ ಬೆಳೆದು ಬೇಗ ಹೆಚ್ಚುವ ಹೊಸಬನು ಹಳಬನ ಮಡುವನ್ನೂ ಆಹಾರವನ್ನೂ ಹಂಚಿಕೊಂಡನು. ಗೂನುಬೆನ್ನಿನ ಮೀನಿಗಾದರೋ ಆಗ ಶಾಸ್ತ್ರದಲ್ಲಿ ಸರಿಯಾದ ಹೆಸರು ಕೂಡ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರಿನ ಮಾದರಿಗಳಿಂದ ಟೋರ್ ರಮಾದೇವಿಯೈ ಎಂದು ವರ್ಣಿತವಾದ ಮೀನೇ ಇದೆಂದು 2018ರಲ್ಲಿ, ಮೋಯಾರ್ ಹೊಳೆಯ ಮೀನುಗಳ ಪರೀಕ್ಷೆಯ ನಂತರ, ನಿರ್ಣಯವಾಯಿತು. ಅದೇ ವರ್ಷ ಅದನ್ನು ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ಅಂಚಿನ ಮೀನೆಂದು ಸೇರಿಸಿದರು. ಹೆಸರು ದೊರೆತದ್ದೂ ಅಪಾಯದ ಪಟ್ಟಿಗೆ ಸೇರಿದ್ದೂ ಒಂದೇ ವರ್ಷ.

ಅಷ್ಟು ಹೊತ್ತಿಗೆ ಬಿಡಾರಗಳ ಗಾಳ ನಿಂತುಹೋಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಅಭಯಾರಣ್ಯದೊಳಗೆ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. 1987ರಲ್ಲಿ ಘೋಷಿತವಾದ ಕಾವೇರಿ ಅಭಯಾರಣ್ಯದೊಳಗಣ ಗಾಳವೂ ಆ ವ್ಯಾಖ್ಯೆಗೆ ಒಳಪಟ್ಟಿತು. ಈ ನಿರ್ಣಯವನ್ನು ಗಾಳಪ್ರಿಯರು ಅವಿವೇಕವೆಂದು ಕರೆದರು, ಪ್ರಾಣಿದಯಾಪರರು ಧರ್ಮವೆಂದು ಕೊಂಡಾಡಿದರು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಬೇಸಗೆಯ ಬಿಸಿನೀರಿನಲ್ಲಿ ಅರ್ಧ ಗಂಟೆ ಸೆಣಸಿದ ದೊಡ್ಡ ಮೀನು ಬಿಟ್ಟ ಮೇಲೂ ಬದುಕುವುದೆಂಬ ಭರವಸೆಯಿಲ್ಲ. ಭಾವಚಿತ್ರಕ್ಕಾಗಿ ಅದನ್ನು ನೀರಿನಿಂದೆತ್ತಿ ಎದೆಗವಚಿ ನಿಲ್ಲುವ ಪ್ರತಿಯೊಂದು ನಿಮಿಷವೂ ಅದರ ಆಯುಸ್ಸಿನಿಂದ ಕಳೆದದ್ದು. ಇತ್ತ ಕಾವಲಿನ ಸಂಬಳ ನಿಂತ ಮಡುವಿಗೆ ಬಲೆಯೂ ಮದ್ದೂ ಹಿಂದಿರುಗುವುದನ್ನು ಅರಣ್ಯದ ಫಲಕವೊಂದೇ ತಡೆಯಲಾರದು. ನನ್ನ ಅಭಿಪ್ರಾಯದಲ್ಲಿ ಗಾಳವನ್ನು ನಿಲ್ಲಿಸಿದ್ದಕ್ಕಿಂತ ದಿನಚರಿಯನ್ನು ನಿಲ್ಲಿಸಿದ್ದು ಹೆಚ್ಚಿನ ನಷ್ಟ. 2012ರ ನಂತರ ಆ ಮಡುಗಳಲ್ಲಿ ಯಾವ ಮೀನು ಎಷ್ಟಿದೆಯೆಂದು ದಿನದಿನವೂ ಬರೆದಿಡುವವರು ಇಲ್ಲವಾದರು.

ಗಾಳವೂ ಬಲೆಯೂ ಇಲ್ಲದೆ ಮೀನನ್ನು ಕಾಯುವ ಇನ್ನೊಂದು ಮಾರ್ಗ ನಮ್ಮಲ್ಲಿ ಮೊದಲಿನಿಂದಲೂ ಇದೆ. ರಾಮನಾಥಪುರದ ರಾಮೇಶ್ವರ ದೇವಾಲಯದ ಬಳಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳು ದೇವರ ಮೀನುಗಳು. ಯಾತ್ರಿಕರು ಹುರಿಗಡಲೆ ಪುರಿ ಎರಚುತ್ತಾರೆ, ಮೀನು ಮೆಟ್ಟಿಲ ಬಳಿಗೇ ಬಂದು ಬಾಯ್ದೆರೆಯುತ್ತದೆ. ಶೃಂಗೇರಿಯ ತುಂಗೆಯಲ್ಲಿಯೂ ಹೀಗೆಯೇ. ಭಕ್ತಿಯಿಂದ ಉಳಿದ ಈ ಮಡುಗಳು ಮೀನಿನ ಬೀಜವನ್ನು ಕಾಪಾಡಿವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ದೇವರ ಎಲ್ಲೆ ಮೆಟ್ಟಿಲುಗಳಷ್ಟೇ ಅಗಲ, ಮೀನಿನ ದಾರಿ ಹೊಳೆಯಷ್ಟೇ ಉದ್ದ.

ಮೈಸೂರು ನಗರದ ಬಳಿಯ ವಿನೋದವಾದರೋ ಈ ವಿವಾದಗಳಿಗೆಲ್ಲ ಹೊರಗಿನದು. ಭಾನುವಾರದ ಬೆಳಗ್ಗೆ ಬಿದಿರಿನ ಕೋಲಿಗೆ ನೈಲಾನ್ ದಾರ ಕಟ್ಟಿ, ಬೆಂಡಿನ ಚೂರು ಸಿಕ್ಕಿಸಿ, ಎರೆಹುಳುವಿನ ಡಬ್ಬಿಯೊಡನೆ ನಾಲೆಯ ಏರಿಯ ಮೇಲೋ ಹಳೆಯ ಕಟ್ಟೆಯ ಮೇಲೋ ಕೂರುವ ಹುಡುಗರಿಗೂ ನಿವೃತ್ತರಿಗೂ ದಾಖಲೆಯ ಗೊಡವೆಯಿಲ್ಲ. ಅವರ ಗಾಳಕ್ಕೆ ಬೀಳುವುದು ಬಹುಪಾಲು ಜಿಲೇಬಿ. 1952ರಲ್ಲಿ ಭಾರತಕ್ಕೆ ತರಿಸಿದ ಆಫ್ರಿಕದ ತಿಲಾಪಿಯ. ಅದರ ಜೊತೆಗೆ, ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದರೂ ಹೊಂಡಗಳಿಂದ ತಪ್ಪಿಸಿಕೊಂಡು ಹೊಳೆ ಸೇರಿದ ಆಫ್ರಿಕನ್ ಕ್ಯಾಟ್‌ಫಿಷ್ ಉಂಟು. ಗಂಗೆಯಿಂದ ತಂದು ಜಲಾಶಯಗಳಿಗೆ ಬಿಟ್ಟ ಕಾಟ್ಲಾ ರೋಹುಗಳುಂಟು. ಬಚ್ಚಲ ನೀರು ಕೂಡಿ, ಜಲಕಳೆ ಮುಸುಕಿ, ಪ್ರಾಣವಾಯು ಕುಂದಿದ ಮಂದ ನೀರಿನಲ್ಲಿ ಪಕ್ಕೆಯೂ ಬಿಳಿಮೀನೂ ಬಾಳಲಾರವು, ಇವು ಬಾಳಬಲ್ಲವು. ಜಿಲೇಬಿಯನ್ನು ಹಿಡಿದು ಮನೆಗೊಯ್ದು ಹುರಿದು ತಿನ್ನುವ ಹುಡುಗನು, ತನಗೆ ತಿಳಿಯದೆಯೇ ನದಿಗೆ ಸಣ್ಣದೊಂದು ಸೇವೆಯನ್ನು ಮಾಡುತ್ತಿದ್ದಾನೆ. ಹಿಡಿದದ್ದನ್ನು ಬಿಡಬೇಕೆಂಬ ನಿಯಮ ಅವನಿಗೆ ಅನ್ವಯಿಸದಿರುವುದೇ ಲೇಸು.

ಮಹಶೀರಿನ ವಿಷಯದಲ್ಲಿ ಆಗಬೇಕಾದದ್ದು ಬೇರೆ. ಕಾವೇರಿ ನ್ಯಾಯಮಂಡಳಿಯು 2007ರ ಅಂತಿಮ ತೀರ್ಪಿನಲ್ಲಿ ನದಿಯ ಒಟ್ಟು ನೀರನ್ನು 740 ಟಿಎಂಸಿ ಎಂದು ಎಣಿಸಿ, ಅದರಲ್ಲಿ 10 ಟಿಎಂಸಿಯನ್ನು ಪರಿಸರರಕ್ಷಣೆಗೆಂದು ತೆಗೆದಿರಿಸಿತು; ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅದನ್ನು ಉಳಿಸಿಕೊಂಡಿತು. ರಾಜ್ಯಗಳ ಪಾಲಿನ ನೀರನ್ನು ತಿಂಗಳು ತಿಂಗಳಿಗೂ ಅಳೆಯುವಂತೆ ಈ ಹತ್ತನ್ನೂ ಅಳೆದು, ಮುಂಗಾರಿನ ಮೊದಲ ವಾರಗಳಲ್ಲಿ, ಹಳೆಯ ಕಟ್ಟೆಗಳ ತಲೆಯ ಮೇಲೆ ನೀರು ಕೆಲವು ದಿನ ಎಡೆಬಿಡದೆ ಹಾಯುವಂತೆ ಬಿಡುವುದು ಅಸಾಧ್ಯವಾದ ಕಾರ್ಯವಲ್ಲ. ಲೋಣಾವಳದ ಮೀನನ್ನೇ ಮತ್ತೆ ಮತ್ತೆ ಬಿಡುವುದನ್ನು ನಿಲ್ಲಿಸಿ, ಮೋಯಾರಿನಲ್ಲಿ ಇನ್ನೂ ಉಳಿದಿರುವ ಗೂನುಬೆನ್ನಿನ ಮೀನಿನಿಂದ ಮರಿ ಪಡೆಯುವ ಪ್ರಯತ್ನವನ್ನು ಮೀನುಗಾರಿಕೆ ಇಲಾಖೆ ಕೈಗೊಳ್ಳಬೇಕು. ಅಭಯಾರಣ್ಯದ ಹೊರಗಣ ಹೊಳೆಯಲ್ಲಿ ವಿನೋದದ ಗಾಳಕ್ಕೆ ಪರವಾನಗಿ ಕೊಡುವಾಗ, ಶುಲ್ಕದ ಜೊತೆಗೆ ದಿನಚರಿಯ ಪುಟವೊಂದನ್ನೂ ಕೇಳಬೇಕು: ಯಾವ ಮಡು, ಎಷ್ಟು ಗಂಟೆ, ಯಾವ ಮೀನು, ರೆಕ್ಕೆ ನೀಲಿಯೋ ಕಿತ್ತಳೆಯೋ. ಪುಟ ತುಂಬಿ ಹಿಂದಿರುಗಿಸದವನಿಗೆ ಮರುವರ್ಷದ ಪರವಾನಗಿಯನ್ನು ಕೊಡತಕ್ಕದ್ದಲ್ಲ.